ತಾತ ಕೊಟ್ಟ ಸಿಹಿ

“ಏನು ತಿಂದ್ಲು, ಅಜ್ಜಿ?”

ಡಾಕ್ಟರ್ ಹತಾನಾಕಾ ಮೂರನೆಯ ಸಲ ಕೇಳುತ್ತಿದ್ದರು. ಉಕ್ಕಿನ ಮೇಜಿನ ಮೇಲೆ ಕಿನಾಕೊ ಒಂದು ಮಗ್ಗುಲಿಗೆ ಮಲಗಿದ್ದಳು. ಒಂಬತ್ತು ಕಿಲೋ ತೂಕದ ಹೆಣ್ಣುನಾಯಿ. ಹುರಿದ ಸೋಯಾ ಹಿಟ್ಟಿನ ಬಣ್ಣ, ಹೆಸರೂ ಆ ಹಿಟ್ಟಿನದೇ. ಹಿಂಗಾಲುಗಳು ಬಿಟ್ಟೂಬಿಡದೆ ನಡುಗುತ್ತಿದ್ದವು, ನಾಲಿಗೆ ಹೊರಬಿದ್ದಿತ್ತು. ಕಣ್ಣು ಮಾತ್ರ ಟೊಮೆ ಅಜ್ಜಿಯ ಮುಖ ಬಿಟ್ಟು ಕದಲುತ್ತಿರಲಿಲ್ಲ.

“ಏನೂ ಇಲ್ಲ ಡಾಕ್ಟ್ರೇ. ಅನ್ನ, ಎಲೆಕೋಸು, ಬೇಯಿಸಿದ ಕೋಳಿ. ದಿನಾ ಕೊಡೋದೇ. ನಮ್ಮ ತಾತನಾಣೆಗೂ ನಾನು ಬೇರೇನೂ ಕೊಟ್ಟಿಲ್ಲ.”

ಅಜ್ಜಿಗೆ ಎಂಬತ್ತೊಂದು. ಬೆಳಿಗ್ಗೆ ನಾಯಿ ವಾಂತಿ ಮಾಡಿಕೊಂಡು ಗೋಡೆಗೆ ಗೋಡೆಗೆ ಹೊಡೆದುಕೊಳ್ಳುವುದನ್ನು ಕಂಡು, ಒಂದು ಕಾಲಿಗೆ ತನ್ನ ರಬ್ಬರ್ ಬೂಟು, ಇನ್ನೊಂದಕ್ಕೆ ತಾನು ತಾತ ಎನ್ನುತ್ತಿದ್ದ ಸತ್ತ ಗಂಡನದು ಹಾಕಿಕೊಂಡು ಹಿಮದಲ್ಲಿ ಓಡಿಬಂದಿದ್ದಳು. ಈಗಲೂ ಅವಳಿಗೆ ಅದರ ಪರಿವೆ ಇರಲಿಲ್ಲ.

ಬಾಗಿಲ ಬಳಿ ಶಿನೊ ನಿಂತಿದ್ದಳು. ಬೀದಿಯ ತುದಿಯ ಪೊಲೀಸ್ ಚೌಕಿ ಅವಳದು. ಹನ್ನೊಂದು ದಿನದ ಹಿಂದೆ ಕ್ಷೌರಿಕ ಮಿನೆಗಿಶಿಯ ಮುದಿ ನಾಯಿ ದೈಗೊರೊ ಸತ್ತದ್ದೂ ಇದೇ ಮೇಜಿನ ಮೇಲೆ, ಹೀಗೇ ನಡುಗುತ್ತಾ.

ಡಾಕ್ಟರರ ಕೈ ಮಾತ್ರ ಮಾತಿಗೆ ಕಾಯುತ್ತಿರಲಿಲ್ಲ. ಇದ್ದಿಲ ಪುಡಿ ಕಲಸಿದ ಕಪ್ಪು ನೀರು ಆಗಲೇ ಸಿರಿಂಜಿನಲ್ಲಿ ತಯಾರಾಗಿತ್ತು. ಕಿನಾಕೊಳ ದವಡೆಯ ಪಕ್ಕದಿಂದ ಚೂರುಚೂರೇ ಇಳಿಸುತ್ತಾ, “ನುಂಗು ಮರಿ, ನುಂಗು, ಜಾಣೆ ಅಲ್ವಾ ನೀನು,” ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಮೂವತ್ತು ವರ್ಷದಿಂದ ಈ ಬೀದಿಯ ನಾಯಿ ಬೆಕ್ಕುಗಳೆಲ್ಲ ಬದುಕಿದ್ದು ಆ ಕೈಗಳಲ್ಲೇ.

“ಅಜ್ಜಿ, ಹೊರಗೆ ಒಲೆ ಹತ್ರ ಕೂತಿರಿ. ಇಲ್ಲಿ ನಿಂತ್ರೆ ನಿಮ್ಮನ್ನೇ ನೋಡಿ ಅವಳ ಎದೆ ಇನ್ನೂ ಜೋರಾಗಿ ಹೊಡ್ಕೊಳ್ಳತ್ತೆ,” ಎಂದರು ಡಾಕ್ಟರು.

ಅಜ್ಜಿ ಹೋದಳು. ಹೋಗುವಾಗ ನಾಯಿಯ ಬಾಲವನ್ನೊಮ್ಮೆ ಮುಟ್ಟಿ ಹೋದಳು.

ಬಾಗಿಲು ಮುಚ್ಚಿದ ಮೇಲೆ ಡಾಕ್ಟರು ದನಿ ತಗ್ಗಿಸಿದರು. “ಅದೇ, ಶಿನೊ ಸಾನ್. ಚಾಕೊಲೇಟ್.”

“ಖಚಿತಾನಾ?”

“ಎದೆಬಡಿತ ನಿಮಿಷಕ್ಕೆ ಇನ್ನೂರಿಪ್ಪತ್ತು. ವಾಂತಿಯ ಬಣ್ಣ, ವಾಸನೆ. ದೈಗೊರೊನ ನೋಡಿದ ಮೇಲೆ ಮರೆಯೋಕಾಗತ್ತಾ? ನಾವು ನೀವು ತಿಂದ್ರೆ ಸಂಜೆ ಹೊತ್ತಿಗೆ ಅರಗಿ ಹೋಗತ್ತೆ. ನಾಯಿ ಮೈಗೆ ಅದನ್ನ ಬೇಗ ಕಳಿಯೋಕೆ ಬರಲ್ಲ. ಹಗಲು ರಾತ್ರಿ ರಕ್ತದಲ್ಲೇ ಸುತ್ತತ್ತೆ. ಉಚ್ಚೆ ತುಂಬ್ಕೊಂಡಿದ್ರೆ ಅಲ್ಲಿಂದಲೂ ವಾಪಸ್ ರಕ್ತಕ್ಕೇ ಹೋಗತ್ತೆ.”

“ಬದುಕ್ತಾಳಾ?”

“ಎಂಥದು ತಿಂದ್ಲು, ಎಷ್ಟು ತಿಂದ್ಲು ಅಂತ ಗೊತ್ತಾದ್ರೆ ಹೇಳ್ತೀನಿ. ಹಾಲು ಬೆರೆಸಿದ ಮಿಠಾಯಿ ಆದ್ರೆ ನಾಳೆ ಎದ್ದು ಕೂರ್ತಾಳೆ. ಕಹಿ ಕೋಕೋ ಆದ್ರೆ ಬೇರೆ ಮಾತು. ಬೇರೆ ಮದ್ದು, ಬೇರೆ ಲೆಕ್ಕ. ಅಂದಾಜಿನ ಮೇಲೆ ಆ ಮದ್ದು ಕೊಡೋಕೆ ನನಗೆ ಧೈರ್ಯ ಇಲ್ಲ. ಮಧ್ಯಾಹ್ನದೊಳಗೆ ಹುಡುಕಿ ಕೊಡಿ.”

ಶಿನೊ ತಲೆಯಾಡಿಸಿದಳು. ಅವಳ ಮನಸ್ಸನ್ನು ಇನ್ನೊಂದು ಮಾತು ಕೊರೆಯುತ್ತಿತ್ತು. ದೈಗೊರೊ ಸತ್ತಾಗ, ಆ ಪದ ಬೀದಿಗೆ ಬೀಳಬಾರದು ಎಂದು ಡಾಕ್ಟರಿಗೂ ಮಿನೆಗಿಶಿಗೂ ಕಟ್ಟಪ್ಪಣೆ ಮಾಡಿದವಳು ಅವಳೇ. ಕೊಂದವನ ಬಾಯಿಂದಲೇ ಅದು ಜಾರಿ ಬೀಳಲಿ ಎಂದು ಕಾದಿದ್ದಳು. ಹೀಗಾಗಿ ಬೀದಿಗೆ ಗೊತ್ತಿದ್ದದ್ದು ‘ವಿಷ’ ಎಂಬ ಎರಡಕ್ಷರ ಮಾತ್ರ.

ವಿಷ ಎಂದಮೇಲೆ ಹಾಕಿದವನೊಬ್ಬ ಬೇಕಲ್ಲ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಈ ಬೀದಿಯಲ್ಲೂ ಬರವಿರಲಿಲ್ಲ. ನಾಯಿಗಳು ತನ್ನ ಗೋಡೆಗೆ ಕಾಲೆತ್ತುತ್ತವೆ ಎಂದು ಬೀದಿಯ ನಿವಾಸಿಗಳ ಸಂಘಕ್ಕೆ ಎರಡು ಸಲ ದೂರು ಬರೆದ ಉಶಿಜಿಮಾನ ಹೆಸರು ಮೂರೇ ದಿನದಲ್ಲಿ ಎಲ್ಲರ ಬಾಯಲ್ಲಿತ್ತು.

ಒಲೆಯ ಬಳಿ ಅಜ್ಜಿ ಕೈಗವಸುಗಳನ್ನು ಹಿಂಡುತ್ತಾ ಕೂತಿದ್ದಳು. ಶಿನೊ ಪಕ್ಕದಲ್ಲಿ ಮೊಣಕಾಲೂರಿದಳು.

“ಅಜ್ಜಿ, ನಿನ್ನೆ ಯಾರಾದ್ರೂ ಮನೆಗೆ ಬಂದಿದ್ರಾ?”

“ಈ ಹಿಮದಲ್ಲಿ ಯಾರಮ್ಮ ಬರ್ತಾರೆ? ಹಾಲಿನವನು ಕೂಡ ಬಾಗಿಲಲ್ಲಿಟ್ಟು ಓಡ್ತಾನೆ.”

“ಕಿನಾಕೊನ ಹೊರಗೆ ಬಿಟ್ಟಿದ್ರಾ?”

“ಬೀದಿ ತುದಿವರೆಗೆ ಹೋಗಿ ಬಂದ್ವಿ. ಅವಳು ನೆಲ ಮೂಸೋಕೆ ನೆಲ ಎಲ್ಲಿದೆ? ಎಲ್ಲಾ ಹಿಮ.”

“ನೀವು ತಿನ್ನುವಾಗ ಏನಾದ್ರೂ ಕೆಳಗೆ ಬಿತ್ತಾ? ಸಿಹಿ ಗಿಹಿ?”

“ನನಗೆ ಸಕ್ಕರೆ ಕಾಯಿಲೆ ಕಣೇ ಪೊಲೀಸಮ್ಮ! ಸಿಹಿ ಮುಟ್ಟಿ ಆರು ವರ್ಷ ಆಯ್ತು.” ಅಜ್ಜಿಗೆ ಸಿಟ್ಟು ಬಂದಿತ್ತು. “ಎಷ್ಟು ಸಲ ಹೇಳ್ಲಿ, ನಾನು ಏನೂ ಕೊಟ್ಟಿಲ್ಲ. ನನ್ನ ಮಗು ಅವಳು. ನಾನು ವಿಷ ಹಾಕ್ತೀನಾ?”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಸುಳ್ಳನ್ನೇ ಕೇಳಿ ಕಿವಿ ಪಳಗಿದ ಶಿನೊಗೆ ಅಷ್ಟು ತಿಳಿಯುತ್ತಿತ್ತು. ಆದರೂ ನಾಯಿ ತಿಂದಿತ್ತು. ನಿಜ ಹೇಳುವವರ ಬಾಯಿಂದ ನಿಜ ಹೊರಡದಿದ್ದರೆ ತಪ್ಪು ಇರುವುದು ಪ್ರಶ್ನೆಯಲ್ಲಿ.

ನಾನು ಕೊಟ್ಟಿಲ್ಲ, ನಾನು ಕೊಟ್ಟಿಲ್ಲ. ಮಾತು ಮಾತಿಗೂ ಈ ‘ನಾನು’ ಯಾಕೆ?

ಶಿನೊಗೆ ತನ್ನ ಸ್ವಂತ ಅಜ್ಜಿಯ ಮನೆ ನೆನಪಾಯಿತು. ಕೋಣೆಯ ಮೂಲೆಯಲ್ಲಿ ಹಿರಿಯರ ಗೂಡು, ಮುಂದೆ ತಟ್ಟೆ, ಹಣ್ಣು. ಅವರು ತಿಂದಾದ ಮೇಲೆ ಕೆಳಗೆ ಇಳಿಸಿ ಮಕ್ಕಳ ಕೈಗೆ ಹಾಕುತ್ತಿದ್ದ ಚೂರು. ಒಸಾಗಾರಿ, ಮೇಲಿಂದ ಇಳಿದದ್ದು. ನಮ್ಮ ಪ್ರಸಾದವೇ ಅದು. ಕಟ್ಟುನಿಟ್ಟಿನ ಉಪವಾಸದವರೂ ಪ್ರಸಾದವನ್ನು ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಅಜ್ಜಿ,” ಎಂದಳು ಮೆಲ್ಲಗೆ. “ನಿನ್ನೆ ತಾತ ಏನು ತಿಂದ್ರು?”

ಅಜ್ಜಿಯ ಮುಖ ಅರಳಿತು. ಅಷ್ಟು ಸಂಕಟದಲ್ಲೂ ಅರಳಿತು.

“ಯೋಕಾನ್! ನಿನ್ನೆ ಅವರು ಹೋದ ತಾರೀಖು ಅಲ್ವಾ, ತಿಂಗಳ ಪೂಜೆ. ದೊಡ್ಡದಾಗೇ ಕೊಯ್ದು ಇಟ್ಟೆ. ಚಳಿಯಲ್ಲಿ ಯೋಕಾನ್ ಅಂದ್ರೆ ಪ್ರಾಣ ಬಿಡೋರು ಅವರು.”

“ಆಮೇಲೆ ಇಳಿಸಿದ್ದು?”

“ಕಿನಾಕೊಗೆ. ಇನ್ಯಾರಿಗೆ? ನಾನು ತಿನ್ನೋ ಹಾಗಿಲ್ಲ. ಅವರು ಇದ್ದಾಗ್ಲೂ ಕೊನೇ ತುಂಡು ಅವಳದ್ದೇ. ಸೋಮವಾರದಿಂದ ದಿನಾ ಒಂದೊಂದು ಚೂರು. ನಿನ್ನೆ ಮಾತ್ರ ಹೊಟ್ಟೆ ತುಂಬಾ ತಿಂದ್ಲು.”

“ಡಾಕ್ಟ್ರು ಮೂರು ಸಲ ಕೇಳಿದ್ರಲ್ಲ ಅಜ್ಜಿ. ಹೇಳ್ಬಾರದಿತ್ತಾ?”

ಅಜ್ಜಿ ಅವಳನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. “ಅದನ್ನ ನಾನೆಲ್ಲಿ ಕೊಟ್ಟೆ? ತಾತ ಕೊಟ್ಟಿದ್ದು.”

ಶಿನೊ ಏಳುವಾಗ ಅಜ್ಜಿ ಅವಳ ತೋಳು ಹಿಡಿದಳು. “ಯೋಕಾನ್ ಕೆಟ್ಟಿತ್ತಾ? ಕೆಂಪು ಕಾಳಿನ ಹೂರಣ ಹೆಪ್ಪುಗಟ್ಟಿಸಿದ ಸಿಹಿ ತಾನೆ, ಅದ್ರಲ್ಲಿ ಏನಿರತ್ತೆ?”

“ನೋಡ್ಕೊಂಡು ಬರ್ತೀನಿ. ಬೀಗದ ಕೈ ಕೊಡಿ.”

ಅಜ್ಜಿಯ ಮನೆ ಆರು ಹೆಜ್ಜೆಯ ಓಣಿ ದಾಟಿದರೆ ಸಿಗುತ್ತದೆ. ಪಕ್ಕದ ಮನೆಯ ಮುಂದೆ ಉಶಿಜಿಮಾ ಹಿಮ ಎತ್ತುತ್ತಿದ್ದ. ಅರವತ್ತೆಂಟರ ಒಂಟಿ ಮನುಷ್ಯ, ಬೆನ್ನು ಬಾಗಿತ್ತು. ಅವನ ಗೇಟಿಗೆ ಯಾರೋ ಕಾಗದ ಅಂಟಿಸಿದ್ದರು. ಎರಡೇ ಪದ: ನಾಯಿ ಕೊಂದವನು.

“ಕಿತ್ತು ಹಾಕಬಾರದಾ ಅದನ್ನ?” ಎಂದಳು ಶಿನೊ.

“ಕಿತ್ತೆ. ಇದು ನಾಲ್ಕನೇದು. ಊರ ಬಾಯಿಗೆ ಬಾಗಿಲು ಹಾಕೋಕಾಗತ್ತಾ?” ಸಲಿಕೆ ಊರಿ ನಿಂತ. “ಟೊಮೆ ಸಾನ್ ಓಡಿದ್ದು ನೋಡಿದೆ. ಹೇಗಿದೆ ಅದು?”

“ನಿಮಗೆ ನಾಯಿ ಕಂಡ್ರೆ ಆಗಲ್ವಲ್ಲ.”

“ಗೋಡೆಗೆ ಉಚ್ಚೆ ಹೊಯ್ದ್ರೆ ಆಗಲ್ಲ. ಸಾಯೋದು ಯಾರಿಗೆ ಬೇಕು?”

ಶಿನೊ ಅಜ್ಜಿಯ ಮನೆಯ ಬೀಗ ತೆಗೆದಳು. ಅವಳ ಗುಟ್ಟು ಕಾಯುವ ಜಾಣತನಕ್ಕೆ ಬೆಲೆ ತೆರುತ್ತಿದ್ದವರಲ್ಲಿ ಈ ಮುದುಕನೂ ಒಬ್ಬ.

ಒಳಗೆ, ಹಿರಿಯರ ಗೂಡಿನ ಮುಂದೆ ಊದುಬತ್ತಿಯ ಬೂದಿ, ತಾತನ ಫೋಟೋ. ಕೆಳಗಿನ ಹಲಗೆಯ ಮೇಲೆ ಚಪ್ಪಟೆ ಕಾಗದದ ಪೆಟ್ಟಿಗೆ. ಈ ಸೀಮೆಯ ಚಳಿಗಾಲದ ಯೋಕಾನ್ ಬರುವುದೇ ಅಂಥ ಪೆಟ್ಟಿಗೆಯಲ್ಲಿ, ಜೊತೆಗೊಂದು ಪುಟ್ಟ ಮರದ ಚಮಚ. ಒಳಗೆ ಕರಿಗಂದು ಬಣ್ಣದ ನುಣ್ಣನೆಯ ಹಾಳೆ, ಮೇಲೆ ನೀರಿನ ಹೊಳಪು. ಸರಿಯಾಗಿ ಅರ್ಧ ಖಾಲಿ. ಅಜ್ಜಿಯ ಪೊರೆ ಬಂದ ಕಣ್ಣಿಗೇನು, ಶಿನೊಳ ಕಣ್ಣಿಗೂ ಅದು ಯೋಕಾನೇ.

ಬಗ್ಗಿ ಮೂಸಿದಳು. ಮೂಗಿಗೆ ಬಂದದ್ದು ಕಾಳಿನ ಹೂರಣದ ವಾಸನೆಯಲ್ಲ.

ಪೆಟ್ಟಿಗೆಯ ಮಗ್ಗುಲಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ. ಕನ್ನಡಕ ಹಣೆಗೇರಿಸಿ ಓದಿದಳು. ಫೆಬ್ರವರಿಯ ವಿಶೇಷ. ಕಹಿ ಚಾಕೊಲೇಟಿನ ಯೋಕಾನ್. ಕೋಕೋ ನೂರಕ್ಕೆ ಎಪ್ಪತ್ತೆರಡು ಭಾಗ.

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ ಒಂದೊಂದೇ ಓದಿ ಹೇಳಿದಳು. ಅರ್ಧ ಪೆಟ್ಟಿಗೆ, ಅದರಲ್ಲಿ ಹೆಚ್ಚಿನ ಪಾಲು ನಿನ್ನೆ ಸಂಜೆ. ಆ ಕಡೆಯಿಂದ ಕಪಾಟು ತೆರೆದ ಸದ್ದಷ್ಟೇ ಬಂತು.

“ಡಾಕ್ಟ್ರೇ?”

“ಕೇಳ್ತಾ ಇದ್ದೀನಿ. ಕಷ್ಟ ಇದೆ, ಶಿನೊ ಸಾನ್. ಹೃದಯದ ಮದ್ದು ಶುರು ಮಾಡ್ತೀನಿ.” ಫೋನು ಇಡುವ ಮೊದಲು ಸೇರಿಸಿದರು. “ಅಜ್ಜಿಗೆ ಹೇಳ್ಬೇಡಿ. ತನ್ನ ಕೈಯಾರೆ ಅಂತ ಗೊತ್ತಾದ್ರೆ ಆ ಜೀವ ತಡ್ಕೊಳಲ್ಲ.”

ಶಿನೊ ಪೆಟ್ಟಿಗೆ ತಿರುಗಿಸಿದಳು. ಮುಚ್ಚಳದ ಮೇಲೆ ಬಿಳಿ ಪಟ್ಟಿ, ಕುಂಚದ ಬರಹ: ‘ಕೃತಜ್ಞತೆಯೊಂದಿಗೆ. ಮಿನೆಗಿಶಿ.’

ಆ ಪಟ್ಟಿ ಅವಳಿಗೆ ಹೊಸದಲ್ಲ. ಸೋಮವಾರ ಗಸ್ತಿಗೆ ಬಂದಾಗ ಅಜ್ಜಿ ಕೂರಿಸಿ ಚಹಾ ಕೊಟ್ಟು, “ಏನು ಬಂದಿದೆ ಓದಿ ಹೇಳು,” ಎಂದಿದ್ದಳು. ದೈಗೊರೊ ಸತ್ತಾಗ ಅಜ್ಜಿ ಧೂಪಕ್ಕೆಂದು ಹಣದ ಲಕೋಟೆ ಕೊಟ್ಟು ಬಂದಿದ್ದಳಲ್ಲ, ಅದಕ್ಕೆ ಮರುಕಾಣಿಕೆ. ಕೊಟ್ಟದ್ದರ ಅರ್ಧದಷ್ಟು ವಾಪಸ್ಸು ಕೊಡುವುದು ಇಲ್ಲಿಯ ಮರ್ಯಾದೆ. “ಯೋಕಾನ್ ಅಜ್ಜಿ, ಮಿನೆಗಿಶಿ ಸಾನ್ ಕಳ್ಸಿದ್ದಾರೆ, ತಾತನಿಗೆ ಇಡಿ,” ಎಂದವಳು ಯಾರು? ಇದೇ ಶಿನೊ.

ಆದರೆ ಚಾಕೊಲೇಟು ನಾಯಿಗೆ ವಿಷ ಎಂದು ಈ ಬೀದಿಯಲ್ಲಿ ಆಗ ಗೊತ್ತಿದ್ದವರು ಮೂರೇ ಜನ. ಅವಳು, ಡಾಕ್ಟರು, ಮಿನೆಗಿಶಿ. ನಾಯಿ ಇರುವ ಮನೆಗೆ, ಆ ಮಿನೆಗಿಶಿಯೇ ಇದನ್ನು ಕಳಿಸಿದ್ದ.

ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಬಿದ್ದಳು.

ಕ್ಷೌರದಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಬಾಚಣಿಗೆ ತೂಗುಹಾಕುವ ಮೊಳೆಯಲ್ಲಿ ದೈಗೊರೊನ ಕೊರಳಪಟ್ಟಿ ತೂಗುತ್ತಿತ್ತು. ಮಿನೆಗಿಶಿ ಕತ್ತಿ ಒರೆಸುತ್ತಿದ್ದ. ಎಪ್ಪತ್ತು ದಾಟಿದ ವಿಧುರ, ಮಾತಿಗೆ ಮಾತು ಕೊಡುವುದರಲ್ಲಿ ನಿಸ್ಸೀಮ.

“ಬನ್ನಿ ಬನ್ನಿ. ಕೂದಲು ಕತ್ತರಿಸ್ಲಾ, ಇಲ್ಲಾ ಈ ಸಲಾನೂ ಬರೀ ನನ್ನ ತಲೆ ತಿನ್ನೋಕೆ ಬಂದ್ರಾ?”

ಶಿನೊ ಪೆಟ್ಟಿಗೆಯನ್ನು ಕನ್ನಡಿಯ ಮುಂದಿಟ್ಟು ಮುಚ್ಚಳ ತೆಗೆದಳು. ಅರ್ಧ ಖಾಲಿ.

ಮಿನೆಗಿಶಿಯ ಮುಖದ ನೆತ್ತರು ಇಳಿದುಹೋಯಿತು. ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕುಸಿದ.

“ಯಾರು ತಿಂದ್ರು? ಅಜ್ಜಿ ತಾನೆ? ಅಜ್ಜಿ ತಿಂದ್ರು ಅನ್ನಿ.”

“ಕಿನಾಕೊ.”

“ಅಯ್ಯೋ.”

“ಅಯ್ಯೋ ಅಂದ್ರೆ? ಅವಳು ತಿನ್ನಲಿ ಅಂತ ತಾನೆ ಕಳ್ಸಿದ್ದು?”

“ಇಲ್ಲ!” ಕೂಗಿದ. “ಇದ್ದಾಳಾ? ಇದ್ದಾಳಾ ಹೇಳಿ ಮೊದ್ಲು!”

“ಉಸಿರಿದೆ. ಸಂಜೆವರೆಗೆ ಇರತ್ತೋ ಇಲ್ವೋ ಗೊತ್ತಿಲ್ಲ. ಈಗ ನೀವು ಹೇಳಿ. ಸಾವಿರ ಸಿಹಿ ಇದೆ ಈ ಊರಲ್ಲಿ. ಇದೇ ಯಾಕೆ?”

ಅವನು ಕತ್ತಿಯನ್ನು ಮಡಚಿ ಪಕ್ಕಕ್ಕಿಟ್ಟ.

“ದೈಗೊರೊ ಸತ್ತ ದಿನ ಅವನ ಗೂಡಿನಲ್ಲಿ ಒಂದು ಬಿಳಿ ಕಾಗದ ಸಿಕ್ತು. ಬಾಯಲ್ಲಿ ಕಚ್ಚಿ ಎಳೆದಾಡಿದ್ದ. ಅದಕ್ಕೆ ಚಾಕೊಲೇಟ್ ಮೆತ್ತಿತ್ತು. ಮೂಸಿದ್ರೆ ಊದುಬತ್ತಿ ವಾಸನೆ. ಊದುಬತ್ತಿ ವಾಸನೆ ಕಾಗದದಲ್ಲಿ ತಿಂಡಿ ಕಟ್ಕೊಂಡು ಬಂದು ನನ್ನ ನಾಯಿಗೆ ಕೊಡೋರು ಈ ಬೀದಿಲಿ ಒಬ್ರೇ.”

“ಟೊಮೆ ಅಜ್ಜಿ,” ಎಂದಳು ಶಿನೊ.

“ಹದಿನಾಲ್ಕನೇ ತಾರೀಖು ಮುದುಕರ ಕೇಂದ್ರದ ಹುಡುಗೀರು ಎಲ್ರಿಗೂ ಚಾಕೊಲೇಟ್ ಹಂಚಿದ್ರಂತೆ. ಅಜ್ಜಿ ಅದನ್ನ ತಾತನ ಮುಂದೆ ಇಟ್ಟಿದ್ದಾರೆ. ಪ್ರೀತಿಯ ದಿನ ಅಲ್ವಾ, ಗಂಡನಿಗೆ ಕೊಡದೆ ಯಾರಿಗೆ ಕೊಡ್ತಾರೆ? ಮಾರನೇ ದಿನ ಇಳಿಸಿದ್ದಾರೆ. ಕಿನಾಕೊಗೆ ಆವತ್ತು ಹಲ್ಲು ಕೀಳಿಸಿತ್ತು, ತಿನ್ನಲಿಲ್ಲ. ಎಲ್ಲಾ ನನ್ನ ದೈಗೊರೊಗೆ ಬಂತು.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿ ಏನು ಮಾಡ್ಲಿ? ಎಂಬತ್ತೊಂದರ ಹೆಂಗಸು. ದಿನಾ ನನ್ನ ನಾಯಿ ತಲೆ ಸವರದೆ ಮುಂದೆ ಹೋದವರಲ್ಲ. ಅವರನ್ನ ನಿಮ್ಮ ಚೌಕಿ ಬೆಂಚಿನ ಮೇಲೆ ಕೂರಿಸ್ಲಾ?”

“ಅದಕ್ಕೆ ಉಶಿಜಿಮಾ ಸಾನ್ ಗೇಟಿಗೆ ಚೀಟಿ ಅಂಟ್ಸೋದನ್ನ ನೋಡ್ತಾ ಕೂತ್ರಿ!”

ಆ ಮಾತು ನಾಟಿತು. ಅವನು ತಲೆ ತಗ್ಗಿಸಿದ. “ಅದು ನನ್ನ ಪಾಪ. ಒಪ್ಕೋತೀನಿ.”

“ಮತ್ತೆ ಇದು?”

“ಅವರು ಬಂದು ಇಲ್ಲೇ ಕೂತು ಅತ್ರು. ಲಕೋಟೆ ಇಟ್ರು. ‘ಯಾರೋ ಪಾಪಿ ಕೊಂದ, ಅವನ ಕೈ ಸೇದಿ ಹೋಗ್ಲಿ,’ ಅಂದ್ರು. ನನ್ನ ಹೊಟ್ಟೆ ಉರಿದುಹೋಯ್ತು, ಶಿನೊ ಸಾನ್. ಹದಿನಾಲ್ಕು ವರ್ಷ ನನ್ನ ಕಾಲ ಬಳಿ ಮಲಗಿದ ಜೀವ. ನನ್ನ ಹೆಂಡತಿ ಸತ್ತಾಗ ಈ ಮನೇಲಿ ಅತ್ತಿದ್ದು ನಾನು, ಅದು, ಇಬ್ಬರೇ.” ಕಣ್ಣೊರೆಸಿಕೊಂಡ. “ಕೊಟ್ಟದ್ದರಲ್ಲಿ ಅರ್ಧ ಹಿಂತಿರುಗಿಸಬೇಕು ಅಂತಾರಲ್ಲ. ಅವರು ಕೊಟ್ಟ ಸಂಕಟದಲ್ಲಿ ಅರ್ಧ ಹಿಂತಿರುಗಿಸ್ತೀನಿ ಅಂತ ಹೊರಟೆ. ಏನಾಯ್ತು ಅಂತ ಅವರಿಗೂ ತಿಳೀಲಿ, ಒಂದು ರಾತ್ರಿ ನಿದ್ದೆ ಕೆಡ್ಲಿ. ಅಷ್ಟೇ. ಅದಕ್ಕೇ ಕಾಗದ ಬರೆದು ಇಟ್ಟಿದ್ದೆ.”

“ಯಾವ ಕಾಗದ?”

“ಪೆಟ್ಟಿಗೆ ಒಳಗೆ! ಮುಚ್ಚಳದ ಕೆಳಗೆ!” ಅವನು ಎದ್ದೇ ನಿಂತ. “ಒಂದೊಂದು ಅಕ್ಷರ ನೆನಪಿದೆ ನನಗೆ. ‘ನನ್ನ ದೈಗೊರೊ ತಿಂದದ್ದು ಇದನ್ನೇ, ನಿಮ್ಮ ಕೈಯಿಂದ. ಚಾಕೊಲೇಟು ನಾಯಿಗೆ ವಿಷ. ನಿಮಗೆ ಗೊತ್ತಿರಲಿಲ್ಲ ಎಂದು ನನಗೆ ಗೊತ್ತು. ಕಿನಾಕೊಗೆ ಕೊಡಬೇಡಿ.’ ಅದನ್ನ ಓದಿಯೂ ಕೊಟ್ರಾ? ಅವರು ಹಾಗೆ ಮಾಡೋರಲ್ಲ!”

“ಅಜ್ಜಿಗೆ ಕಣ್ಣು ಕಾಣಲ್ಲ, ಮಿನೆಗಿಶಿ ಸಾನ್. ಈ ಚಳಿಗಾಲದಿಂದ ಅಕ್ಷರವೇ ಕಾಣಲ್ಲ.”

“ಮತ್ತೆ ಯಾರು ಓದಿ ಹೇಳ್ತಾರೆ ಅವರಿಗೆ?”

ಶಿನೊ ಮುಚ್ಚಳವನ್ನು ಮಗುಚಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

“ಎಂಥ ಕಾಗದ ಅದು?” ಎಂದಳು ಕೊನೆಗೆ.

“ಕಂದು ಬಣ್ಣದ್ದು. ದಪ್ಪ. ಎರಡು ಮಡಿಕೆ.”

ಕಂದು ಬಣ್ಣ, ಎರಡು ಮಡಿಕೆ. ಸೋಮವಾರ ಅಜ್ಜಿಯ ಕಂಬಳಿ ಹೊದಿಸಿ ಕಾವಿಟ್ಟ ಮೇಜಿನ ಮೇಲೆ ಬಿಚ್ಚಿದ ಹೊದಿಕೆ, ದಾರ, ಪೆಟ್ಟಿಗೆಯ ತೆರೆದ ಮುಚ್ಚಳ ಎಲ್ಲ ಹರಡಿದ್ದವು. ಪಕ್ಕದಲ್ಲೇ ಸಂಘದ ಸುತ್ತೋಲೆ ಹಲಗೆ. ಮನೆಯಿಂದ ಮನೆಗೆ ಹೋಗುವ ಆ ಹಲಗೆಗೆ ಕ್ಲಿಪ್ಪು ಹಾಕಿದ ನಾಲ್ಕಾರು ಪತ್ರ, ಮೇಲೆ ಮನೆಗಳ ಪಟ್ಟಿ. ನೋಡಿದೆ ಎಂದು ತಂತಮ್ಮ ಹೆಸರಿನ ಮುಂದೆ ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸಬೇಕು. ಅಜ್ಜಿಯ ಮೊಹರನ್ನು ಒತ್ತಿದವಳು ಶಿನೊ. ಮಡಿಸಿದ ಕಂದು ಕಾಗದವೊಂದು ಮೇಜಿನ ಮೇಲಿತ್ತು. ಹಲಗೆಯಿಂದ ಜಾರಿದ ಜಾಹೀರಾತು ಇರಬೇಕು ಎಂದುಕೊಂಡು, ಬಿಚ್ಚದೆ, ಕ್ಲಿಪ್ಪಿಗೆ ಸಿಕ್ಕಿಸಿದ್ದಳು.

ಬಿಚ್ಚಿದ್ದರೆ? ಒಂದು ಮಡಿಕೆ ಬಿಚ್ಚಿದ್ದರೂ ಸಾಕಿತ್ತು.

“ನಾನೇ ಕಣ್ರೀ,” ಎಂದಳು. “ಅಜ್ಜಿಗೆ ಓದಿ ಹೇಳೋಳು ನಾನೇ. ನಿಮ್ಮ ಕಾಗದಾನ ಸುತ್ತೋಲೆ ಹಲಗೆಗೆ ಹಾಕಿ ಬೀದಿ ಸುತ್ತೋಕೆ ಕಳ್ಸಿದ್ದೀನಿ.”

ಮಿನೆಗಿಶಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬೆಂಚಿನ ಮೇಲಿನ ಹಳೆಯ ವಾರಪತ್ರಿಕೆಗಳನ್ನು ಸರಿಸತೊಡಗಿದ.

“ಹಲಗೆ ಇಲ್ಲೇ ಇದೆ. ಬೆಳಿಗ್ಗೆ ಬಾಗಿಲಿಗೆ ತಗುಲಿಸಿ ಹೋಗಿದ್ರು. ಏಳು ಮನೆಯಲ್ಲಿ ನಂದೇ ಕೊನೇದು.”

“ನೋಡಿದ್ರಾ?”

“ಯಾರು ನೋಡ್ತಾರೆ ಅದನ್ನ? ಮೊಹರು ಒತ್ತೋದು, ಕೈ ತೊಳ್ಕೊಳ್ಳೋದು. ಕಸ ಒಯ್ಯೋ ದಿನ ನನ್ನಜ್ಜನ ಕಾಲದಿಂದ ಮಂಗಳವಾರವೇ.”

ಅದೇ ಅವಳ ಆಸೆಯೂ ಆಗಿತ್ತು. ಯಾರೂ ಬಿಚ್ಚಿರದಿದ್ದರೆ ಕಾಗದ ಇಲ್ಲೇ ಇರುತ್ತದೆ. ದೈಗೊರೊನ ಸುದ್ದಿ ಬೀದಿಗೆ ಗೊತ್ತಾಗಿಲ್ಲ, ಅಜ್ಜಿಗೂ ಗೊತ್ತಾಗುವುದಿಲ್ಲ. ಕಿನಾಕೊ ಉಳಿದರೆ, ಎಂಬತ್ತೊಂದು ವರ್ಷದ ಆ ಎದೆಯ ಮೇಲೆ ಈ ಭಾರ ಹೇರುವ ಅಗತ್ಯವೇ ಬೀಳದಿರಬಹುದು.

ಒಂದೊಂದೇ ಹಾಳೆ ತಿರುವಿದಳು. ಕಸದ ವೇಳಾಪಟ್ಟಿ. ಹಿಮ ಎತ್ತುವ ಭಾನುವಾರದ ಸೂಚನೆ. ಯಾರದೋ ಕಳೆದುಹೋದ ಬೀಗದ ಕೈ. ಮತ್ತೆ ಮೊದಲಿನಿಂದ ತಿರುವಿದಳು.

ಕಂದು ಕಾಗದ ಇರಲಿಲ್ಲ.

“ಬಿದ್ದು ಹೋಯ್ತೇನೋ,” ಎಂದ ಮಿನೆಗಿಶಿ.

ಬಿದ್ದಿರಲಿಲ್ಲ. ಕ್ಲಿಪ್ಪಿನ ಹಲ್ಲಿನಲ್ಲಿ ಒಂದು ಕಂದು ಮೂಲೆ ಕಚ್ಚಿಕೊಂಡಿತ್ತು, ಹೆಬ್ಬೆರಳ ಉಗುರಿನಷ್ಟು. ಯಾರೋ ಅವಸರದಲ್ಲಿ ಎಳೆದು ಹರಿದಿದ್ದರು. ಆ ಮೂಲೆಯ ಮೇಲೆ ಕೆಂಪು ಮಸಿಯ ಗೆರೆ. ಕಾಗದ ಪಟ್ಟಿಯ ಮೇಲೆ ಜಾರಿ ಬಂದಿದ್ದಾಗ ಯಾರೋ ಮೊಹರು ಒತ್ತಿದ್ದಾರೆ. ಅರ್ಧ ಪಟ್ಟಿಯ ಮೇಲೆ ಬಿದ್ದಿದೆ, ಅರ್ಧ ಇದರ ಮೇಲೆ. ಆಮೇಲೆ ಕೈಗೆ ಸಿಕ್ಕ ಕಾಗದವನ್ನು ಬಿಚ್ಚಿದ್ದಾರೆ. ಓದಿದ್ದಾರೆ.

ಓದಿ, ಕಿನಾಕೊಗೆ ಏನಾಗಲಿದೆ ಎಂದು ತಿಳಿದು, ಸುಮ್ಮನಾಗಿದ್ದಾರೆ.

ಶಿನೊ ಕಿಟಕಿಯ ಬೆಳಕಿಗೆ ಹಿಡಿದಳು. ಮೂಲೆಯ ಮೇಲಿನ ಕೆಂಪು ಗೆರೆ ದುಂಡಗಿರಲಿಲ್ಲ. ಸೀದಾ ಬಂದು ಸೀದಾ ತಿರುಗಿತ್ತು. ಪಟ್ಟಿ ನೋಡಿದಳು. ಟೊಮೆ ಅಜ್ಜಿಯದು ದುಂಡು. ಉಶಿಜಿಮಾನದು ದುಂಡು. ಮನೆಮನೆಯ ಮೊಹರುಗಳೆಲ್ಲ ಬಟಾಣಿ ಕಾಳಿನ ಹಾಗೆ ದುಂಡು. ಮೂರನೆಯದು ಮಾತ್ರ ಅರ್ಧ ಕಾಣೆಯಾದ ಚೌಕ. ಬುಧವಾರದ ತಾರೀಖು.

“ಚೌಕದ ಮೊಹರು ಆಸ್ಪತ್ರೆದಲ್ವಾ?” ಮಿನೆಗಿಶಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. “ನಮ್ಮ ಹತಾನಾಕಾ ಡಾಕ್ಟ್ರದ್ದು?”

ಶಿನೊ ಆಗಲೇ ಫೋನು ಕಿವಿಗಿಟ್ಟಿದ್ದಳು. ಒಂದು ಸಲ ಬಡಿಯಿತು. ಎರಡು. ಏಳನೆಯದಕ್ಕೆ ಯಾರೋ ತಡವರಿಸಿ ಎತ್ತಿದರು.

“ಹಲೋ? ಯಾರದು?” ಟೊಮೆ ಅಜ್ಜಿಯ ದನಿ.

“ಅಜ್ಜಿ, ನಾನು ಶಿನೊ. ಡಾಕ್ಟ್ರಿಗೆ ಕೊಡಿ.”

“ಅವರು ಇಲ್ಲಮ್ಮ. ಕಿನಾಕೊನ ಕಂಬಳೀಲಿ ಸುತ್ಕೊಂಡು ಕಾರಲ್ಲಿ ಹೋದ್ರು. ದೊಡ್ಡ ಆಸ್ಪತ್ರೆಗಂತೆ. ಯಾವ ಊರದ್ದು ಅಂದೆ, ಹೇಳ್ಲಿಲ್ಲ. ನಾನೂ ಬರ್ತೀನಿ ಅಂದೆ, ಬೇಡ ಅಂದ್ರು. ಅಳ್ತಾ ಇದ್ರು ಕಣೇ. ಡಾಕ್ಟ್ರು ಅತ್ರೆ ನಾನು ಏನು ಅಂದ್ಕೊಳ್ಲಿ?”

“ನೀವು ಅಲ್ಲೇ ಇರಿ ಅಜ್ಜಿ. ನಾನು ಬಂದೆ. ಅಲ್ಲೇ ಇರಿ.”

“ಇರ್ತೀನಿ, ಇರ್ತೀನಿ. ಬೇಗ ಬಾ.” ಅಜ್ಜಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಹೋಗುವಾಗ ನನ್ನ ಕೈಗೆ ಒಂದು ಕಾಗದ ಇಟ್ಟು ಹೋದ್ರು. ‘ಕ್ಷಮ್ಸಿ ಅಜ್ಜಿ, ಇದು ನಿಮಗೆ ಬಂದಿದ್ದು, ನೀವು ಓದಿಸ್ಕೊಂಡಿದ್ದೀರಿ ಅಂದ್ಕೊಂಡು, ಬೀದಿಗೆ ಗೊತ್ತಾಗದಿರ್ಲಿ ಅಂತ ಎತ್ತಿಟ್ಟೆ,’ ಅಂದ್ರು. ಕಂದು ಬಣ್ಣದ್ದು, ಮೂಲೆ ಹರಿದಿದೆ. ನನ್ನ ಕಣ್ಣಿಗೆಲ್ಲಿ ಕಾಣತ್ತೆ ಇದು? ನೀನೇ ಬಂದು ಓದಿ ಹೇಳಮ್ಮ.”